ಉಪ್ಪಿನಲ್ಲಿ ಜೋಡಿಗಳಿಲ್ಲ: ಅಯಾನಿಕ ಸಂಯುಕ್ತಗಳನ್ನು ಅಡುಗೆಮನೆಯಲ್ಲಿ ಕಲಿಯುವ ಬಗೆ

ಹೋದ ತಿಂಗಳು ಅಕ್ಕನ ಮಗಳು ಬಸವನಗುಡಿಯ ನಮ್ಮ ಮನೆಗೆ ಬಂದಿದ್ದಳು. ಈ ವರ್ಷ ಹತ್ತನೇ ಕ್ಲಾಸು. ವಿಜ್ಞಾನದ ನೋಟ್ಸ್ ತೆಗೆದು ಒಂದೇ ಉಸಿರಿಗೆ ಒಪ್ಪಿಸಿದಳು: ಅಯಾನಿಕ ಸಂಯುಕ್ತಗಳು ಗಟ್ಟಿ, ಆದರೆ ಪೆಟ್ಟು ಬಿದ್ದರೆ ಪುಡಿಯಾಗುತ್ತವೆ, ಕರಗುವ ಬಿಂದು ಜಾಸ್ತಿ, ನೀರಿನಲ್ಲಿ ಕರಗುತ್ತವೆ, ಸೀಮೆಎಣ್ಣೆಯಲ್ಲಿ ಕರಗುವುದಿಲ್ಲ, ಗಟ್ಟಿಯಾಗಿದ್ದಾಗ ವಿದ್ಯುತ್ ಹರಿಯುವುದಿಲ್ಲ, ಕರಗಿದಾಗ ಹರಿಯುತ್ತದೆ. ಒಂದೂ ತಪ್ಪಿಲ್ಲ. "ಯಾಕೆ ಹಾಗೆ ಪುಟ್ಟಿ?" ಅಂದೆ. "ಅದು ಹಾಗೇ ಚಿಕ್ಕಮ್ಮ, ಬಾಯಿಪಾಠ ಮಾಡ್ಬೇಕು ಅಷ್ಟೇ" ಅಂದಳು.

ಉಪ್ಪಿನ ಚಿತ್ರ ಬರೆಯಲು ಹೇಳಿದೆ. ಒಂದು ಚಿಕ್ಕ ವೃತ್ತ ಬರೆದಳು, ಅದು ಸೋಡಿಯಂ. ಪಕ್ಕದಲ್ಲಿ ಒಂದು ದೊಡ್ಡ ವೃತ್ತ, ಅದು ಕ್ಲೋರಿನ್. ನಡುವೆ ಎಲೆಕ್ಟ್ರಾನ್ ಹಾರುವ ಬಾಣ. ಒಬ್ಬರು ಕೊಟ್ಟರು, ಒಬ್ಬರು ತೆಗೆದುಕೊಂಡರು, ಜೋಡಿಯಾದರು. ಚಿತ್ರ ಅಲ್ಲಿಗೆ ಮುಗಿಯಿತು.

ತೊಂದರೆ ಇರುವುದೇ ಆ ಚಿತ್ರದಲ್ಲಿ. ಉಪ್ಪಿನ ಹರಳಿನೊಳಗೆ ಜೋಡಿ ಅನ್ನುವುದೇ ಇಲ್ಲ. ಯಾವ ಸೋಡಿಯಂ ಯಾವ ಕ್ಲೋರಿನ್‌ಗೆ ಸೇರಿದ್ದು ಅಂತ ಕೇಳಿದರೆ ಉತ್ತರ ಇಲ್ಲ. ಎಲೆಕ್ಟ್ರಾನ್ ಕೊಟ್ಟೋ ಪಡೆದೋ ವಿದ್ಯುದಂಶ ಹೊತ್ತ ಪರಮಾಣುವೇ ಅಯಾನು; ಎಲೆಕ್ಟ್ರಾನ್ ಪಡೆದ ಕ್ಲೋರಿನ್‌ಗೆ ಕ್ಲೋರೈಡ್ ಅಂತ ಹೆಸರು. ಒಂದೊಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡ್ ಸುತ್ತ ಆರು ಸೋಡಿಯಂ. ಈ ನೇಯ್ಗೆ ಹರಳಿನ ಅಂಚಿನವರೆಗೂ ಬಿಡದೆ ಸಾಗುತ್ತದೆ. ಇದೊಂದು ಚಿತ್ರ ಮನಸ್ಸಿಗೆ ಬಂದರೆ ಮೇಲೆ ಹೇಳಿದ ಗುಣಗಳಲ್ಲಿ ಹೆಚ್ಚಿನವನ್ನು ನೀವೇ ಊಹಿಸಬಹುದು, ಬಾಯಿಪಾಠ ಬೇಡ. ಆ ಚಿತ್ರ ಬರಿಸಲು ನಾವಿಬ್ಬರೂ ಎರಡು ಭಾನುವಾರ ಏನು ಮಾಡಿದೆವೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಮಾಡಬಹುದು.

ಬೇಕಾದ ಸಾಮಾನು

ಕಲ್ಲುಪ್ಪು, ಪುಡಿ ಉಪ್ಪು, ಸಕ್ಕರೆ, ಅಡುಗೆ ಎಣ್ಣೆ, ಚಪಾತಿ ಹಿಟ್ಟು, ಅರಿಶಿನ, ಹಲ್ಲುಕಡ್ಡಿ, ಒಂದು ಭೂತಗನ್ನಡಿ, ಎರಡು ಹಳೇ ಸ್ಟೀಲ್ ಚಮಚ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿನಲ್ಲಿ ಒಂದು ಕೆಂಪು ಎಲ್‌ಇಡಿ, 9 ವೋಲ್ಟ್ ಬ್ಯಾಟರಿ, 330 ಓಮ್ ರೆಸಿಸ್ಟರ್ ಮತ್ತು ಕ್ಲಿಪ್ ಇರುವ ನಾಲ್ಕು ವೈರ್ ತನ್ನಿ. ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹೋಗಿ. ಮನೆಯಲ್ಲಿ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ಅಂದಾಜು ಹೇಳುವ ಸಾಧನ) ಇದ್ದರೆ ಎತ್ತಿಟ್ಟುಕೊಳ್ಳಿ, ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಎಲ್ಲಕ್ಕಿಂತ ಮೊದಲು ಉಪ್ಪುನೀರು ಇಟ್ಟುಬಿಡಿ

ಹರಳು ಬೆಳೆಯಲು ದಿನಗಳು ಬೇಕು, ಅದಕ್ಕೇ ಇದು ಮೊದಲು. ಕಾಲು ಲೀಟರ್ ಬಿಸಿ ನೀರಿಗೆ 100 ಗ್ರಾಂ ಕಲ್ಲುಪ್ಪು ಹಾಕಿ ಚೆನ್ನಾಗಿ ಕಲಕಿ. ಕೋಣೆಯ ಬಿಸಿಯಲ್ಲಿ 100 ಮಿಲಿ ನೀರು ಸುಮಾರು 36 ಗ್ರಾಂ ಉಪ್ಪನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಆರಿದ ಮೇಲೆ ಕೊಂಚ ಉಪ್ಪು ತಳದಲ್ಲಿ ಉಳಿದೇ ಉಳಿಯುತ್ತದೆ. ನಮಗೆ ಬೇಕಾದ್ದೂ ಅದೇ, ನೀರು ಪೂರ್ತಿ ಉಪ್ಪು ಕುಡಿದಿದೆ ಅಂತ ಅರ್ಥ. ಹಳೇ ಪಂಚೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಿ. ಅಗಲವಾದ ಗಾಜಿನ ತಟ್ಟೆಗೆ ಸುರಿದು, ಮೇಲೆ ತೆಳು ಕಾಗದ ಮುಚ್ಚಿ, ಯಾರೂ ಮುಟ್ಟದ ಕಡೆ ಇಡಿ. ಫ್ಯಾನಿನ ಕೆಳಗೆ ಬೇಡ. ಬೇಗ ಆರಿದರೆ ಹರಳುಗಳು ಸಣ್ಣಸಣ್ಣದಾಗಿ ಗುಂಪುಗುಂಪಾಗಿ ಬರುತ್ತವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ನಮ್ಮ ಒಣ ಹವೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ಮಳೆಗಾಲದಲ್ಲಿ ತಾಳ್ಮೆ ಬೇಕು.

ಪುಡಿ ಉಪ್ಪು ಇದಕ್ಕೆ ಅಷ್ಟು ಒಳ್ಳೆಯದಲ್ಲ. ಗಂಟು ಕಟ್ಟದಿರಲಿ ಅಂತ ಅದಕ್ಕೆ ಬೇರೆ ಪದಾರ್ಥ ಸೇರಿಸಿರುತ್ತಾರೆ, ಹರಳು ಸರಿಯಾಗಿ ಬರುವುದಿಲ್ಲ.

ಈಗ ಕಣ್ಣಿಟ್ಟು ನೋಡಿ

ಕಪ್ಪು ಕಾಗದದ ಮೇಲೆ ಒಂದು ಚಿಟಿಕೆ ಪುಡಿ ಉಪ್ಪು ಉದುರಿಸಿ ಭೂತಗನ್ನಡಿಯಲ್ಲಿ ನೋಡಿ. ದಿನಾ ಸಾರಿಗೆ ಹಾಕುವ ಉಪ್ಪು, ಒಂದು ದಿನವೂ ಹೀಗೆ ನೋಡಿರುವುದಿಲ್ಲ. ಎಲ್ಲ ಪುಟ್ಟ ಪುಟ್ಟ ಘನಗಳು, ಲೂಡೋ ಆಟದ ದಾಳದ ಹಾಗೆ. ಮೂಲೆ ಸವೆದಿರಬಹುದು, ಆದರೆ ಚೌಕ ಎದ್ದು ಕಾಣುತ್ತದೆ. ಪಕ್ಕದಲ್ಲಿ ಸಕ್ಕರೆ ಹಾಕಿ ನೋಡಿ, ಅದರ ಆಕಾರವೇ ಬೇರೆ, ಓರೆ ಓರೆ.

ಯಾರೂ ಕತ್ತರಿಸದ ಉಪ್ಪು ತಾನಾಗಿಯೇ ಚೌಕವಾಗಿರುವುದು ಯಾಕೆ? ಒಳಗೆ ಜೋಡಣೆ ಚೌಕವಾಗಿರುವುದರಿಂದ. ಇದನ್ನು ಎಕ್ಸ್ ಕಿರಣ ಹಾಯಿಸಿ ತೋರಿಸಿಕೊಟ್ಟವರು ಬ್ರ್ಯಾಗ್ ಎಂಬ ತಂದೆ ಮಗ, 1913ರಲ್ಲಿ. 1915ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂತು, ಆಗ ಮಗನಿಗೆ ಬರೀ 25 ವರ್ಷ. ಉಪ್ಪಿನೊಳಗೆ ಬಿಡಿ ಅಣುಗಳಿಲ್ಲ ಅನ್ನುವ ಮಾತನ್ನು ಆಗ ಕೆಲವು ರಸಾಯನ ವಿಜ್ಞಾನಿಗಳೇ ಒಪ್ಪಲಿಲ್ಲ. ಹಾಗಿರುವಾಗ ಹತ್ತನೇ ಕ್ಲಾಸಿನ ಹುಡುಗಿ ಗೊಂದಲ ಮಾಡಿಕೊಂಡರೆ ತಪ್ಪೇನಿದೆ? ಹರಳುಗಳ ಹುಚ್ಚು ನಮ್ಮೂರಿಗೂ ಹೊಸದಲ್ಲ. ಸಿ.ವಿ. ರಾಮನ್ ಅವರು 1948ರಲ್ಲಿ ಕಟ್ಟಿದ ಸದಾಶಿವನಗರದ ಸಂಸ್ಥೆಯಲ್ಲಿ ಅವರು ಕೂಡಿಟ್ಟ ಹರಳು, ಖನಿಜಗಳ ಸಂಗ್ರಹ ಇದೆ.

ಹಿಟ್ಟಿನ ಉಂಡೆಯಲ್ಲಿ ಹರಳು ಕಟ್ಟಿ

ಈ ಲೇಖನದಲ್ಲಿ ಒಂದೇ ಒಂದನ್ನು ಮಾಡುವುದಾದರೆ ಇದನ್ನು ಮಾಡಿ.

ಚಪಾತಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ. ಅರ್ಧಕ್ಕಿಂತ ಕಡಿಮೆ ಭಾಗಕ್ಕೆ ಅರಿಶಿನ ಹಾಕಿ ಹಳದಿ ಮಾಡಿ. ಬಿಳಿ ಹಿಟ್ಟಿನಲ್ಲಿ 3.5 ಸೆಂ.ಮೀ. ಅಗಲದ 14 ಉಂಡೆ, ಇವು ಕ್ಲೋರೈಡ್. ಹಳದಿಯಲ್ಲಿ 2 ಸೆಂ.ಮೀ. ಅಗಲದ 13 ಉಂಡೆ, ಇವು ಸೋಡಿಯಂ. ಈ ಅಳತೆ ಸುಮ್ನೆ ಹೇಳಿದ್ದಲ್ಲ. ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂನ ತ್ರಿಜ್ಯ ಸುಮಾರು 0.102 ನ್ಯಾನೋಮೀಟರ್ (ಒಂದು ಮಿ.ಮೀ.ನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್), ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಪಡೆದ ಕ್ಲೋರೈಡ್‌ನದು 0.181. ನಮ್ಮ ಉಂಡೆಗಳೂ ಹೆಚ್ಚು ಕಮ್ಮಿ ಅದೇ ಲೆಕ್ಕದಲ್ಲಿವೆ.

ಮೊದಲ ಪದರ ಮೂರು ಸಾಲು, ಸಾಲಿಗೆ ಮೂರು ಉಂಡೆ. ಬಿಳಿ, ಹಳದಿ, ಬಿಳಿ. ಆಮೇಲೆ ಹಳದಿ, ಬಿಳಿ, ಹಳದಿ. ಮತ್ತೆ ಬಿಳಿ, ಹಳದಿ, ಬಿಳಿ. ನಾಲ್ಕು ಮೂಲೆಯಲ್ಲೂ ಬಿಳಿ ಬರಬೇಕು. ಎರಡನೇ ಪದರ ಇದರ ತದ್ವಿರುದ್ಧ, ಮೂಲೆಗಳಲ್ಲಿ ಹಳದಿ, ನಟ್ಟನಡುವೆಯೂ ಹಳದಿ. ಮೂರನೆಯದು ಮೊದಲಿನಂತೆಯೇ. ಹಲ್ಲುಕಡ್ಡಿ ಚುಚ್ಚಿ ನಿಲ್ಲಿಸಿ. ಹಲ್ಲುಕಡ್ಡಿ ಬರೀ ಆಸರೆಗೆ, ಅದು ಬಂಧ ಅಲ್ಲ. ಇದನ್ನು ಮಕ್ಕಳಿಗೆ ಎರಡು ಸಲ ಹೇಳಿ.

ಈಗ ಒಳಗೆ ನಡುವಿನಲ್ಲಿರುವ ಹಳದಿ ಉಂಡೆಯ ನೆರೆಯವರನ್ನು ಎಣಿಸಿ. ಮೇಲೆ ಒಂದು, ಕೆಳಗೆ ಒಂದು, ಎಡ, ಬಲ, ಹಿಂದೆ, ಮುಂದೆ. ಆರೂ ಬಿಳಿ. "ಇದರ ಜೋಡಿ ಯಾವುದು ತೋರ್ಸು" ಅಂದೆ. ಅವಳು ಬೆರಳು ಎತ್ತಿಕೊಂಡು ಹಾಗೇ ನಿಂತಳು. ನನಗೆ ಅಷ್ಟೇ ಬೇಕಿತ್ತು.

ಹಾಗಾದರೆ ಉಪ್ಪಿಗೆ ಎನ್‌ಎಸಿಎಲ್ (NaCl) ಅಂತ ಬರೆಯುವುದು ಏನನ್ನು? ಒಂದಕ್ಕೆ ಒಂದು ಅನ್ನುವ ಪ್ರಮಾಣವನ್ನು. ಹರಳಿನಲ್ಲಿ ಧನ ವಿದ್ಯುದಂಶ ಎಷ್ಟಿದೆಯೋ ಋಣವೂ ಅಷ್ಟೇ ಇರಬೇಕು, ಲೆಕ್ಕ ಚುಕ್ತಾ ಆಗಬೇಕು. ಕ್ಯಾಲ್ಸಿಯಂ ಎರಡು ಎಲೆಕ್ಟ್ರಾನ್ ಬಿಟ್ಟಿರುತ್ತದೆ, ಹಾಗಾಗಿ ಒಂದು ಕ್ಯಾಲ್ಸಿಯಂಗೆ ಎರಡು ಕ್ಲೋರೈಡ್. ಎಲ್ಲ ಹರಳೂ ಆರು ನೆರೆಯವರ ಹರಳಲ್ಲ. ಸೀಸಿಯಂ ಅಯಾನು ದಪ್ಪ, ಅದರ ಸುತ್ತ ಎಂಟು ಕ್ಲೋರೈಡ್‌ಗೆ ಜಾಗ ಸಿಗುತ್ತದೆ.

ಇನ್ನೊಂದು ಅಂದಾಜು. 0.3 ಮಿ.ಮೀ. ಅಗಲದ ಒಂದು ಉಪ್ಪಿನ ಕಣ ತೆಗೆದುಕೊಳ್ಳಿ. ಸೋಡಿಯಂನಿಂದ ಪಕ್ಕದ ಕ್ಲೋರೈಡ್‌ಗೆ 0.282 ನ್ಯಾನೋಮೀಟರ್. ಭಾಗಿಸಿ ನೋಡಿ, ಕಣದ ಒಂದು ಅಂಚಿನಲ್ಲೇ 10 ಲಕ್ಷಕ್ಕೂ ಹೆಚ್ಚು ಅಯಾನುಗಳು ಸಾಲಾಗಿ ನಿಂತಿವೆ.

ಸೋಡಿಯಂ "ಕೊಡಲು ಬಯಸುತ್ತದೆ" ಅನ್ನುವ ಮಾತು

ಸೋಡಿಯಂ ಎಲೆಕ್ಟ್ರಾನ್ ಕೊಡಲು ಕಾದು ಕೂತಿರುತ್ತದೆ ಅಂತ ಪಾಠ ಹೇಳುವಾಗ ಎಲ್ಲರೂ ಅನ್ನುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ನಂಬಿದ್ದೆ. ಅಂಗಡಿ ಲೆಕ್ಕದ ಹಾಗೆ ಬರೆದು ನೋಡಿದರೆ ಅದು ನಿಲ್ಲುವುದಿಲ್ಲ. ಒಂದು ಮೋಲ್ ಉಪ್ಪಿಗೆ, ಅಂದರೆ ಸುಮಾರು 58 ಗ್ರಾಂಗೆ, ಲೆಕ್ಕ ಹೀಗಿದೆ. ಸೋಡಿಯಂ ಲೋಹವನ್ನು ಬಿಡಿ ಪರಮಾಣುಗಳಾಗಿ ಬಿಡಿಸಲು 107 ಕಿಲೋಜೂಲ್ ಖರ್ಚು. ಕ್ಲೋರಿನ್ ಅನಿಲವನ್ನು ಬಿಡಿಸಲು 122. ಸೋಡಿಯಂನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಲು 496, ಹೌದು, ಕಿತ್ತೇ ಕೊಳ್ಳಬೇಕು. ಒಟ್ಟು ಖರ್ಚು 725. ಕ್ಲೋರಿನ್ ಆ ಎಲೆಕ್ಟ್ರಾನ್ ತೆಗೆದುಕೊಂಡಾಗ ವಾಪಸ್ ಬರುವುದು 349 ಮಾತ್ರ. ಇನ್ನೂ 376 ಕಿಲೋಜೂಲ್ ಕೈಯಿಂದ ಹೋಗಿದೆ.

ಈ ನಷ್ಟ ತುಂಬುವುದು ಕೊಡುವ ತೆಗೆದುಕೊಳ್ಳುವ ಕೆಲಸ ಅಲ್ಲ, ಅಯಾನುಗಳೆಲ್ಲ ಒಟ್ಟಾಗಿ ಹರಳು ಕಟ್ಟುವ ಕೆಲಸ. ಅದರಿಂದ 787 ಕಿಲೋಜೂಲ್ ಹೊರಬರುತ್ತದೆ. ಸಾಲ ತೀರಿ 411 ಉಳಿಯುತ್ತದೆ. ಉಪ್ಪು ಇರುವುದೇ ಈ ಹರಳುಜಾಲದ ದೆಸೆಯಿಂದ.

ಒಡೆದು ನೋಡಿ

ಕಲ್ಲುಪ್ಪಿನಲ್ಲಿ ಒಂದು ತಿಳಿಯಾದ, ದೊಡ್ಡ ಹರಳು ಆರಿಸಿ. ಅದರ ಒಂದು ಮುಖಕ್ಕೆ ಸಮನಾಗಿ ಚಾಕುವಿನ ಅಲಗು ಇಟ್ಟು, ಚಾಕುವಿನ ಬೆನ್ನಿಗೆ ಕುಟ್ಟಾಣಿಯಿಂದ ಮೆಲ್ಲಗೆ ತಟ್ಟಿ. ದೊಡ್ಡವರೇ ಮಾಡಿ, ಕನ್ನಡಕ ಹಾಕಿಕೊಳ್ಳಿ, ಚೂರು ಸಿಡಿಯುತ್ತದೆ. ಒಡೆದ ಜಾಗ ನುಣ್ಣಗೆ, ಸಪಾಟಾಗಿ ಇರುತ್ತದೆ. ಚೂರುಗಳಿಗೂ ಚೌಕ ಮೂಲೆ.

ಅದೇ ಪೆಟ್ಟಿಗೆ ತಾಮ್ರದ ತಂತಿ ಬರೀ ಚಪ್ಪಟೆಯಾಗುತ್ತದೆ. ಉಪ್ಪು ಯಾಕೆ ಒಡೆಯಬೇಕು? ಹಿಟ್ಟಿನ ಹರಳಿನ ಹತ್ತಿರ ಹೋಗಿ. ಮೇಲಿನ ಪದರದ ಹಲ್ಲುಕಡ್ಡಿ ತೆಗೆದು, ಪದರವನ್ನು ಒಂದು ಉಂಡೆಯಷ್ಟು ಪಕ್ಕಕ್ಕೆ ಸರಿಸಿ. ಈಗ ಬಿಳಿಯ ಮೇಲೆ ಬಿಳಿ, ಹಳದಿಯ ಮೇಲೆ ಹಳದಿ. ಒಂದು ಕ್ಷಣದ ಹಿಂದೆ ಎಳೆದು ಹಿಡಿದಿದ್ದವರೇ ಈಗ ಒಬ್ಬರನ್ನೊಬ್ಬರು ತಳ್ಳುತ್ತಿದ್ದಾರೆ. ಪದರ ಕಿತ್ತುಕೊಂಡು ಹೋಗುತ್ತದೆ. ಗಟ್ಟಿತನಕ್ಕೂ ಒಡೆಯುವುದಕ್ಕೂ ಕಾರಣ ಒಂದೇ ಜೋಡಣೆ.

ಕಾಯಿಸಿ ನೋಡಿ

ಒಂದು ಚಮಚದಲ್ಲಿ ಸಕ್ಕರೆ, ಇನ್ನೊಂದರಲ್ಲಿ ಕಲ್ಲುಪ್ಪು. ಇಕ್ಕಳದಲ್ಲಿ ಹಿಡಿದು ಒಂದೊಂದಾಗಿ ಸಣ್ಣ ಉರಿಯ ಮೇಲಿಡಿ, ಮುಖ ದೂರ ಇರಲಿ. ಸಕ್ಕರೆ ಬೇಗನೇ ಕರಗಿ ಕಂದು ಪಾಕವಾಗುತ್ತದೆ. ಉಪ್ಪು ಚಟಪಟ ಅನ್ನುತ್ತದೆ, ಕರಗುವುದಿಲ್ಲ.

ಆ ಚಟಪಟ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಅಜ್ಜಿ ದೃಷ್ಟಿ ತೆಗೆದು ಉಪ್ಪು, ಮೆಣಸಿನಕಾಯಿ ಒಲೆಗೆ ಹಾಕಿದಾಗ ಬರುತ್ತಿದ್ದ ಸದ್ದು. ಕಲ್ಲುಪ್ಪು ಬೆಳೆಯುವಾಗ ಅದರ ಸಂದುಗಳಲ್ಲಿ ಉಪ್ಪುನೀರಿನ ಹನಿಗಳು ಸಿಕ್ಕಿಕೊಂಡಿರುತ್ತವೆ. ಕಾದಾಗ ಅವು ಆವಿಯಾಗಿ ಹರಳನ್ನು ಒಳಗಿನಿಂದ ಸಿಡಿಸುತ್ತವೆ. ಸಿಡಿಯುವುದು ಹರಳು, ಕರಗುವುದಲ್ಲ.

ಉಪ್ಪು ಕರಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಗ್ಯಾಸ್ ಒಲೆಯ ಮೇಲೆ ಅದಕ್ಕೆ ಪ್ರಯತ್ನಿಸಬೇಡಿ. ಇಷ್ಟು ಬಿಸಿ ಯಾಕೆ ಅಂದರೆ, ಎಲ್ಲ ಕಡೆಯಿಂದಲೂ ಹಿಡಿದಿರುವ ಅಯಾನನ್ನು ಸಡಿಲ ಮಾಡಬೇಕು, ಒಂದು ಜೋಡಿಯನ್ನು ಇನ್ನೊಂದು ಜೋಡಿಯಿಂದ ಬಿಡಿಸಿದರೆ ಸಾಲದು. ಅಯಾನು ದೊಡ್ಡದಾದಷ್ಟೂ ಹಿಡಿತ ಸಡಿಲ. ಸೋಡಿಯಂ ಫ್ಲೋರೈಡ್ 993 ಡಿಗ್ರಿಗೆ ಕರಗಿದರೆ ಸೋಡಿಯಂ ಬ್ರೋಮೈಡ್ 747ಕ್ಕೆ, ಸೋಡಿಯಂ ಅಯೋಡೈಡ್ 661ಕ್ಕೆ. ವಿದ್ಯುದಂಶ ಹೆಚ್ಚಾದರೆ ಹಿಡಿತ ಬಿಗಿ. ಮೆಗ್ನೀಸಿಯಂ ಆಕ್ಸೈಡ್‌ನಲ್ಲಿ ಎರಡೂ ಕಡೆ ಎರಡೆರಡು, ಅದು 2,800 ಡಿಗ್ರಿ ದಾಟಬೇಕು. ಆದರೆ ಅಯಾನಿಕ ಅಂದ ಕೂಡಲೇ ಬೆಂಕಿಗೆ ಜಗ್ಗದು ಅಂದುಕೊಳ್ಳಬೇಡಿ. ದೊಡ್ಡ, ಡೊಂಕು ಅಯಾನುಗಳಿರುವ ಲವಣಗಳು ಕೋಣೆಯ ಬಿಸಿಯಲ್ಲೇ ದ್ರವವಾಗಿರುವುದೂ ಉಂಟು. 1914ರಲ್ಲಿ ಪೌಲ್ ವಾಲ್ಡೆನ್ ಅಂಥದ್ದೊಂದರ ಬಗ್ಗೆ ಬರೆದಿದ್ದರು.

ನಮ್ಮ ಕನ್ನಡದ ಒಂದು ತೊಡಕು

ಐಸ್ ಕರಗಿತು ಅನ್ನುತ್ತೇವೆ, ಸಕ್ಕರೆ ಹಾಲಿನಲ್ಲಿ ಕರಗಿತು ಅಂತಲೂ ಅನ್ನುತ್ತೇವೆ. ಒಂದೇ ಮಾತು, ಎರಡು ಬೇರೆ ಕೆಲಸ. ಪರೀಕ್ಷೆಯಲ್ಲಿ ಮಕ್ಕಳು ಇಲ್ಲಿ ಎಡವುತ್ತಾರೆ. ಕಾಯಿಸಿ ದ್ರವ ಮಾಡುವುದು ಬೇರೆ, ನೀರಿನಲ್ಲಿ ಬೆರೆಸುವುದು ಬೇರೆ. ನಾವು ಮನೆಯಲ್ಲಿ "ಕಾದು ಕರಗುವುದು", "ನೀರಲ್ಲಿ ಕರಗುವುದು" ಅಂತ ಎರಡು ಮಾಡಿಕೊಂಡೆವು. 800 ಡಿಗ್ರಿವರೆಗೂ ಜಗ್ಗದ ಉಪ್ಪು ತಣ್ಣೀರಿನಲ್ಲಿ ಒಂದು ನಿಮಿಷದಲ್ಲಿ ಮಾಯವಾಗುತ್ತದೆ, ಅದು ಹೇಗೆ ಅಂತ ಅವಳೇ ಆಗ ಕೇಳಿದಳು. ಒಳ್ಳೆಯ ಪ್ರಶ್ನೆ.

ನೀರಿನ ಅಣು ಸ್ವಲ್ಪ ಬಾಗಿದೆ. ಆಮ್ಲಜನಕದ ಕಡೆ ಕೊಂಚ ಋಣ, ಹೈಡ್ರೋಜನ್ ಕಡೆ ಕೊಂಚ ಧನ. ಸೋಡಿಯಂ ಸಿಕ್ಕರೆ ನೀರಿನ ಅಣುಗಳು ಆಮ್ಲಜನಕದ ಮುಖ ತಿರುಗಿಸಿ ಸುತ್ತುವರಿಯುತ್ತವೆ, ಕ್ಲೋರೈಡ್ ಸಿಕ್ಕರೆ ಹೈಡ್ರೋಜನ್ ಮುಖ. ಬೇರೆ ಬೇರೆಯಾದ ಅಯಾನುಗಳ ನಡುವೆ ನೀರು ತುಂಬಿಕೊಂಡಾಗ ಅವುಗಳ ಸೆಳೆತ ಸುಮಾರು 80 ಪಟ್ಟು ಕುಗ್ಗುತ್ತದೆ. ಅಡುಗೆ ಎಣ್ಣೆಗೆ ಒಂದು ಚಮಚ ಉಪ್ಪು ಹಾಕಿ ಎಷ್ಟು ಹೊತ್ತು ಬೇಕಾದರೂ ಕಲಕಿ, ತಳದಲ್ಲೇ ಕೂತಿರುತ್ತದೆ. ಎಣ್ಣೆಯ ಅಣುಗಳಿಗೆ ಅಂಥ ಎರಡು ಮುಖಗಳಿಲ್ಲ.

ಹಾಗಂತ ಅಯಾನಿಕವಾದದ್ದೆಲ್ಲ ನೀರಿನಲ್ಲಿ ಕರಗಲೇಬೇಕು ಅಂತಿಲ್ಲ. ಬೋರ್‌ವೆಲ್ ನೀರಿನ ಮನೆಯವರು ಗೀಸರ್ ಬಿಚ್ಚಿಸಿದಾಗ ಕಾಯಿಲ್ ಮೇಲಿನ ಬಿಳಿ ಹೊಪ್ಪಳೆ ನೋಡಿರುತ್ತೀರಿ. ಅದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೋನೇಟ್. ಎರಡು ಧನ, ಎರಡು ಋಣ, ಹಿಡಿತ ಜೋರು. ನೀರು ಅದನ್ನು ಬಿಡಿಸಲಾರದು, ನಿಂಬೆರಸವೋ ವಿನಿಗರ್ರೋ ಬೇಕು. ಅದೇ ಕಾಯಿಲ್‌ನ ಲೋಹದ ಕೊಳವೆಯೊಳಗೆ ತಂತಿಯ ಸುತ್ತ ತುಂಬಿರುವುದೂ ಅಯಾನಿಕ ಪುಡಿಯೇ, ಆಗ ಹೇಳಿದ ಮೆಗ್ನೀಸಿಯಂ ಆಕ್ಸೈಡ್. ಅದು ಬಿಸಿಯನ್ನು ಹೊರಗೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ.

ವಿದ್ಯುತ್ ಹರಿಸಿ ನೋಡಿ

ಮೊದಲೇ ಹೇಳಿಬಿಡುತ್ತೇನೆ, ಗೋಡೆಯ ಪ್ಲಗ್ಗಿನ ಕರೆಂಟು ಇದಕ್ಕೆ ಬೇಡವೇ ಬೇಡ. 9 ವೋಲ್ಟ್ ಬ್ಯಾಟರಿ ಮಾತ್ರ.

ಎರಡು ಪೆನ್ಸಿಲ್‌ಗಳನ್ನು ಎರಡೂ ತುದಿಯಲ್ಲಿ ಚೂಪು ಮಾಡಿ, ಒಳಗಿನ ಕಡ್ಡಿಯೇ ನಮ್ಮ ವಿದ್ಯುದ್ವಾರ. ಬ್ಯಾಟರಿಯ ಧನ ತುದಿಯಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು, ಚಿಕ್ಕ ಕಾಲಿನಿಂದ ಒಂದು ಪೆನ್ಸಿಲ್. ಇನ್ನೊಂದು ಪೆನ್ಸಿಲ್‌ನಿಂದ ಬ್ಯಾಟರಿಯ ಋಣ ತುದಿಗೆ. ಪೆನ್ಸಿಲ್‌ಗಳು ಒಂದಕ್ಕೊಂದು ತಾಗಬಾರದು.

ಒಣ ಉಪ್ಪಿಗೆ ಚುಚ್ಚಿ. ದೀಪ ಇಲ್ಲ. ಸಕ್ಕರೆ ನೀರಿಗೆ, ಆರ್‌ಒ ನೀರಿನಲ್ಲಿ ಮಾಡಿದ್ದಕ್ಕೆ, ಅದ್ದಿ. ಇಲ್ಲ, ಅಥವಾ ಕಂಡೂ ಕಾಣದ ಹಾಗೆ. ಈಗ ಉಪ್ಪುನೀರಿಗೆ. ಕೆಂಪು ದೀಪ ಹತ್ತಿತು! ಅವಳು ಕೂಗಿದ್ದಕ್ಕೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು.

ಒಣ ಉಪ್ಪಿನಲ್ಲೂ ಅಯಾನುಗಳು ಇದ್ದವು. ಆದರೆ ಆರು ಕಡೆಯಿಂದ ಹಿಡಿದು ಕೂರಿಸಿದ್ದರಿಂದ ಅಲುಗಾಡಲು ಆಗುತ್ತಿರಲಿಲ್ಲ. ನೀರಿನಲ್ಲಿ ಅವು ಸ್ವತಂತ್ರ, ಧನ ಒಂದು ಕಡೆ, ಋಣ ಇನ್ನೊಂದು ಕಡೆ ನಡೆಯುತ್ತವೆ. ಕಾದು ಕರಗಿದ ಉಪ್ಪಿನಲ್ಲೂ ಹಾಗೇ. ಅಯಾನು ಅನ್ನುವ ಹೆಸರಿನ ಅರ್ಥವೇ ನಡೆಯುವುದು ಅಂತ, ಗ್ರೀಕಿನಿಂದ ಬಂದದ್ದು. 1834ರಲ್ಲಿ ಮೈಕೆಲ್ ಫ್ಯಾರಡೆ ಅದನ್ನು ಬಳಕೆಗೆ ತಂದರು. ಪೆನ್ಸಿಲ್ ತುದಿಗಳಲ್ಲಿ ಗುಳ್ಳೆ ಏಳುತ್ತವೆ, ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಕೊಂಚ ಕ್ಲೋರಿನ್. ಈಜುಕೊಳದ ವಾಸನೆ ಬಂದರೆ ನಿಲ್ಲಿಸಿ. ಕಿಟಕಿ ತೆಗೆದಿಡಿ, ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಡ.

ಟಿಡಿಎಸ್ ಮೀಟರ್ ಇದ್ದರೆ ಒಂದು ಲೋಟ ಆರ್‌ಒ ನೀರು ತೆಗೆದುಕೊಂಡು ಅಳೆಯಿರಿ. ಒಂದು ದೊಡ್ಡ ಚಮಚ ಸಕ್ಕರೆ ಹಾಕಿ ಕಲಕಿ ಮತ್ತೆ ಅಳೆಯಿರಿ. ಅಂಕಿ ಹೆಚ್ಚು ಕಮ್ಮಿ ಅಲ್ಲೇ ಇರುತ್ತದೆ, ಅಷ್ಟು ಸಕ್ಕರೆ ಕರಗಿದ್ದರೂ! ಇನ್ನೊಂದು ಲೋಟಕ್ಕೆ ಒಂದೇ ಚಿಟಿಕೆ ಉಪ್ಪು ಹಾಕಿ, ಅಂಕಿ ನೂರುಗಟ್ಟಲೆ ಜಿಗಿಯುತ್ತದೆ. ಆ ಮೀಟರ್ ನೀರಿನಲ್ಲಿ ಕರಗಿದ್ದೆಲ್ಲವನ್ನೂ ತೂಗುತ್ತಿಲ್ಲ. ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ನೋಡಿ, ಅಯಾನುಗಳನ್ನು ಅಂದಾಜು ಮಾಡುತ್ತಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 2,000. ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಟ್ಯಾಂಕರ್ ನೀರಿನ ಅಂಕಿಯ ಬಗ್ಗೆ ಚರ್ಚೆ ನಡೆದಾಗ ಇದನ್ನು ನೆನಪಿಡಿ. ಅಯಾನಾಗದ ಕೊಳೆ, ರೋಗಾಣು ಆ ಮೀಟರಿಗೆ ಕಾಣುವುದಿಲ್ಲ.

ತಟ್ಟೆಯ ಹತ್ತಿರ ವಾಪಸ್

ಹತ್ತು ದಿನ ಆಗಿದೆ. ತಟ್ಟೆಯ ತಳದಲ್ಲಿ ಚೌಕಗಳು ಕೂತಿರಬೇಕು. ಕೆಲವು ಒಂದಕ್ಕೊಂದು ಅಂಟಿರುತ್ತವೆ, ಕೆಲವು ಮೆಟ್ಟಿಲು ಮೆಟ್ಟಿಲಾಗಿ ನಡುವೆ ಹಳ್ಳ ಬಿದ್ದಿರುತ್ತವೆ. ಅಂಚು, ಮೂಲೆಗಳು ನಡುವಿಗಿಂತ ಬೇಗ ಬೆಳೆದಾಗ ಹಾಗಾಗುತ್ತದೆ. ನೀರು ಪೂರ್ತಿ ಆರುವ ಮುಂಚೆಯೇ ಒಳ್ಳೆಯ ಹರಳುಗಳನ್ನು ಚಿಮುಟದಿಂದ ಎತ್ತಿ ಬಟ್ಟೆಯ ಮೇಲೆ ಒರೆಸಿ. ನಲ್ಲಿ ನೀರಲ್ಲಿ ತೊಳೆಯಬೇಡಿ, ಹತ್ತು ದಿನದ ಕೆಲಸ ಹತ್ತು ಸೆಕೆಂಡಿನಲ್ಲಿ ಹೋಗುತ್ತದೆ. ಜಾಮಿಟ್ರಿ ಬಾಕ್ಸಿನ ಮೂಲೆಮಟ್ಟ ತಂದು ಹರಳಿನ ಮೂಲೆಗೆ ಹಿಡಿದು ನೋಡಿ, 90 ಡಿಗ್ರಿ. ಹಿಟ್ಟಿನ ಉಂಡೆಯ ಹರಳಿನಲ್ಲಿ ಇದ್ದದ್ದೂ ಅದೇ ಮೂಲೆ.

ಹರಳುಗಳನ್ನು ಒಂದಿಷ್ಟು ಅಕ್ಕಿಯ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಳ್ಳುತ್ತದೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಬೇಗ. ಆಷಾಢದಲ್ಲಿ ಉಪ್ಪಿನ ಭರಣಿ ಪಸೆಪಸೆ ಆಗುವುದು ಇದರಿಂದಲೇ. ಉಳಿದ ಉಪ್ಪುನೀರನ್ನು ಸಿಂಕಿಗೆ ಚೆಲ್ಲಿ, ತುಳಸಿ ಗಿಡಕ್ಕೆ ಮಾತ್ರ ಹಾಕಬೇಡಿ.